ಗಂಟೆಯಿಲ್ಲದ ಶಾಲೆಗೆ ಮಗುವನ್ನು ಸೇರಿಸುವ ಮುನ್ನ

ಮಗುವನ್ನು ಶಾಲೆಗೆ ಸೇರಿಸುವ ದಿನವು ನಮ್ಮ ಮನೆತನಗಳಲ್ಲಿ ಒಂದು ಸಂಸ್ಕಾರದ ದಿನವೇ ಆಗಿದೆ. ಮೈಗೆ ಹೊಸ ಅಂಗಿ, ಹೆಗಲಿಗೆ ಪಾಟಿಚೀಲ, ಬಾಯಿಗೆ ಸಕ್ಕರೆ. ಹಿರಿಯರ ಪಾದಕ್ಕೆ ನಮಸ್ಕರಿಸಿ ಹೊರಟ ಮಗು ಅಂದಿನಿಂದ ಗುರುಗಳ ಅಧೀನ. ಏನನ್ನು ಕಲಿಯಬೇಕು, ಎಷ್ಟು ಹೊತ್ತು ಕಲಿಯಬೇಕು, ಯಾರ ಪಕ್ಕದಲ್ಲಿ ಕುಳಿತು ಕಲಿಯಬೇಕು ಎಂಬುದೆಲ್ಲವೂ ದೊಡ್ಡವರ ನಿರ್ಧಾರ. ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಮಾತನ್ನು ಕೇಳುತ್ತಲೇ ನಮ್ಮ ತಲೆಮಾರು ಬೆಳೆಯಿತು. ಛಡಿಯ ಕಾಲ ಈಗ ಮುಗಿದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿದೆ. ಆದರೆ ಕಲಿಕೆಯ ಸೂತ್ರವು ದೊಡ್ಡವರ ಕೈಯಲ್ಲಿಯೇ ಇರತಕ್ಕದ್ದೆಂಬ ನಂಬಿಕೆ ಮಾತ್ರ ಅಲುಗಾಡದೆ ಉಳಿದಿದೆ.

ಈ ನಂಬಿಕೆಯನ್ನೇ ಪಕ್ಕಕ್ಕಿಟ್ಟು ನಡೆಯುವ ಶಾಲೆಗಳು ಜಗತ್ತಿನಲ್ಲಿವೆ. ಅವುಗಳನ್ನು ಪ್ರಜಾಸತ್ತಾತ್ಮಕ ಶಾಲೆಗಳೆಂದು ಕರೆಯುತ್ತಾರೆ. ಅಮೆರಿಕೆಯ ಮಸಾಚುಸೆಟ್ಸ್ ರಾಜ್ಯದಲ್ಲಿ ನೆಲೆಸಿರುವ ನಮ್ಮ ನಾಡಿನ ದಂಪತಿಗಳು ಅಂತಹ ಒಂದು ಶಾಲೆಯ ವಿಷಯವಾಗಿ ನಮಗೆ ಬರೆದು ಕೇಳಿದ್ದಾರೆ. ಅವರ ಒಂಬತ್ತು ವರ್ಷದ ಮಗನು ಈಗಿನ ಶಾಲೆಗೆ ಹೋಗುವುದೆಂದರೆ ಮುಖ ಸಪ್ಪೆ ಮಾಡುತ್ತಾನೆ. ತಾಯಿಗೆ ಹೊಸ ಶಾಲೆಯಲ್ಲಿ ಒಲವು. ತಂದೆಗೆ ಅಂಜಿಕೆ. “ಗುರುಗಳೇ, ನಾವಿಬ್ಬರೂ ಹಳ್ಳಿಯಿಂದ ಹೊರಟು, ಅಂಕಗಳನ್ನೇ ಏಣಿಯಾಗಿ ಹತ್ತಿ ಇಲ್ಲಿಯವರೆಗೆ ಬಂದವರು. ಮಗನ ಕಾಲಡಿಯಿಂದ ಆ ಏಣಿಯನ್ನೇ ತೆಗೆದಂತಾಗುವುದಿಲ್ಲವೇ?” ಎಂಬುದು ತಂದೆಯ ಪ್ರಶ್ನೆ. ಇದು ಒಂದು ಮನೆಯ ಪ್ರಶ್ನೆಯಲ್ಲ. ಹೊರನಾಡಿನಲ್ಲಿರುವ ಅನೇಕ ಕುಟುಂಬಗಳೂ ನಮ್ಮ ನಾಡಿನಲ್ಲಿಯೇ ಇರುವ ಕೆಲವು ಪಾಲಕರೂ ಇಂದು ಇದನ್ನು ಕೇಳುತ್ತಿದ್ದಾರೆ. ಆದ್ದರಿಂದ ಉತ್ತರವನ್ನು ಎಲ್ಲ ವಾಚಕ ಬಂಧುಗಳ ಮುಂದೆ ಇಡುವುದು ಯುಕ್ತವೆಂದು ಭಾವಿಸಿದ್ದೇವೆ.

ಈ ಶಾಲೆಗಳ ಹುಟ್ಟು

ಇಂತಹ ಶಾಲೆಗಳಲ್ಲಿ ಹಿರಿದೆನಿಸಿದ್ದು ಸಮ್ಮರ್‌ಹಿಲ್. ಸ್ಕಾಟ್ಲೆಂಡಿನವರಾದ ಎ. ಎಸ್. ನೀಲ್ ಎಂಬ ಶಿಕ್ಷಕರು 1921ರಲ್ಲಿ ಜರ್ಮನಿಯಲ್ಲಿ ಆರಂಭಿಸಿದ ಪ್ರಯೋಗವು ಮುಂದೆ ಇಂಗ್ಲೆಂಡಿಗೆ ಬಂದು, 1927ರಿಂದ ಸಫೊಕ್ ಪ್ರಾಂತದ ಲೈಸ್ಟನ್ ಎಂಬ ಊರಿನಲ್ಲಿ ನೆಲೆನಿಂತಿತು. ಅಲ್ಲಿ ಪಾಠಗಳಿವೆ, ಶಿಕ್ಷಕರಿದ್ದಾರೆ. ಆದರೆ ಪಾಠಕ್ಕೆ ಬರಲೇಬೇಕೆಂಬ ನಿರ್ಬಂಧವಿಲ್ಲ. ಶಾಲೆಯ ನಿಯಮಗಳನ್ನು ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ಮಾಡುತ್ತಾರೆ. ನೀಲ್ ಅವರು 1973ರಲ್ಲಿ ತೀರಿಕೊಂಡರೂ ಶಾಲೆ ನಿಲ್ಲಲಿಲ್ಲ.

1999ರಲ್ಲಿ ಆ ದೇಶದ ಶಾಲಾ ತಪಾಸಣಾ ಇಲಾಖೆಯು ಈ ಪದ್ಧತಿಗೆ ಆಕ್ಷೇಪವೆತ್ತಿತು. ಶಾಲೆಯು ಆ ಆಕ್ಷೇಪವನ್ನು ಪ್ರಶ್ನಿಸಿದ್ದರಿಂದ ವಿಷಯ ನ್ಯಾಯಮಂಡಳಿಯ ಮುಂದೆ ಹೋಯಿತು. 2000ದ ಮಾರ್ಚ್ ತಿಂಗಳಿನಲ್ಲಿ ಸರಕಾರವು ಒಪ್ಪಂದಕ್ಕೆ ಬಂದಾಗ, ಅದನ್ನು ಸ್ವೀಕರಿಸಬೇಕೋ ಬೇಡವೋ ಎಂಬುದನ್ನು ಶಾಲೆಯ ಮುಖ್ಯಸ್ಥರು ತಾವೇ ನಿರ್ಧರಿಸಲಿಲ್ಲ. ಮಕ್ಕಳು ಲಂಡನ್ನಿನ ಆ ನ್ಯಾಯಾಲಯದ ಕೊಠಡಿಯಲ್ಲಿಯೇ ತಮ್ಮ ಸಭೆಯನ್ನು ಸೇರಿಸಿ, ಚರ್ಚಿಸಿ, ಮತ ಹಾಕಿ ಅದನ್ನು ಒಪ್ಪಿದರು.

ದಂಪತಿಗಳು ಕೇಳಿರುವುದು ಸಡ್‌ಬರಿ ವ್ಯಾಲಿ ಶಾಲೆಯ ಕುರಿತು. ಬಾಸ್ಟನ್ ನಗರದಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಫ್ರೇಮಿಂಗ್‌ಹ್ಯಾಮ್ ಎಂಬಲ್ಲಿ ಇದು 1968ರಲ್ಲಿ ಆರಂಭವಾಯಿತು. ಸ್ಥಾಪಕರಲ್ಲಿ ಪ್ರಮುಖರಾದ ಡೇನಿಯಲ್ ಗ್ರೀನ್‌ಬರ್ಗ್ ಅವರು ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಹತ್ತು ಎಕರೆಯ ಆವರಣ, ಕಲ್ಲಿನ ಹಳೆಯ ದೊಡ್ಡ ಮನೆ, ಪಕ್ಕದಲ್ಲಿ ಕೆರೆ, ಮರಗಳು. ನಾಲ್ಕು ವರ್ಷದ ಕೂಸಿನಿಂದ ಹತ್ತೊಂಬತ್ತರ ತರುಣರವರೆಗೆ ಎಲ್ಲರೂ ಒಂದೇ ಸೂರಿನಡಿ ಇರುತ್ತಾರೆ. ಇಯತ್ತೆಗಳಿಲ್ಲ, ಪಠ್ಯಕ್ರಮವಿಲ್ಲ, ಪರೀಕ್ಷೆಯಿಲ್ಲ, ಅಂಕಪಟ್ಟಿಯಿಲ್ಲ, ಪಾಠದ ಅವಧಿ ಮುಗಿಯಿತೆಂದು ಸಾರುವ ಗಂಟೆಯೂ ಇಲ್ಲ. ಮಗು ದಿನಕ್ಕೆ ಐದು ಗಂಟೆಯಾದರೂ ಅಲ್ಲಿರಬೇಕು. ಬಂದ ಹೊತ್ತು, ಹೋದ ಹೊತ್ತು ದಾಖಲಾಗುತ್ತದೆ. ಆ ನಡುವಿನ ಸಮಯವು ಮಗುವಿನದು. ಇದೇ ಮಾದರಿಯ ಶಾಲೆಗಳು ಈಗ ಅಮೆರಿಕೆಯ ಬೇರೆ ರಾಜ್ಯಗಳಲ್ಲಿಯೂ ಇತರ ದೇಶಗಳಲ್ಲಿಯೂ ನಡೆಯುತ್ತಿವೆ.

ಬಿಡುಬೀಸಲ್ಲ, ಆಡಳಿತ

ಇಷ್ಟನ್ನು ಕೇಳಿದೊಡನೆ ನಮ್ಮ ಹಿರಿಯರು, “ಹಾಗಾದರೆ ಅದು ಸಾಲಿಯಲ್ಲ, ಜಾತ್ರೆ” ಎನ್ನಬಹುದು. ಇಲ್ಲಿಯೇ ಸೂಕ್ಷ್ಮವಿದೆ. ಆ ಶಾಲೆಯಲ್ಲಿ ನಿಯಮಗಳು ಕಡಿಮೆಯಿಲ್ಲ. ಬರೆದಿಟ್ಟ ನಿಯಮಗಳ ಒಂದು ಗ್ರಂಥವೇ ಇದೆ. ವ್ಯತ್ಯಾಸವೆಂದರೆ ಆ ನಿಯಮಗಳನ್ನು ಮಾಡುವವರು ಯಾರು ಎಂಬುದರಲ್ಲಿ.

ವಾರಕ್ಕೊಮ್ಮೆ ಶಾಲಾ ಸಭೆ ಸೇರುತ್ತದೆ. ಸಿಬ್ಬಂದಿಗೊಂದು ಮತ, ಹದಿನೆಂಟರ ತರುಣಿಗೊಂದು ಮತ, ಐದು ವರ್ಷದ ಮಗುವಿಗೂ ಒಂದೇ ಮತ. ಹಣದ ಖರ್ಚು, ಕೊಠಡಿಗಳ ಬಳಕೆ, ಹೊಸ ನಿಯಮ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಮುಂದಿನ ವರ್ಷ ಯಾವ ಸಿಬ್ಬಂದಿ ಉಳಿಯಬೇಕೆಂಬುದನ್ನೂ ವರ್ಷವರ್ಷವೂ ಗುಪ್ತ ಮತದಾನದಿಂದ ನಿರ್ಧರಿಸುತ್ತಾರೆ. ಮಕ್ಕಳ ಸಂಖ್ಯೆಯೇ ಹೆಚ್ಚಾಗಿರುವುದರಿಂದ ದೊಡ್ಡವರು ತಮ್ಮ ಮಾತನ್ನು ಅಧಿಕಾರದಿಂದ ಗೆಲ್ಲಿಸಲಾರರು, ಮನವೊಲಿಸಿಯೇ ಗೆಲ್ಲಿಸಬೇಕು.

ತಪ್ಪುಗಳ ವಿಚಾರಣೆಗೆ ನ್ಯಾಯ ಸಮಿತಿಯಿದೆ. ಬೇರೆ ಬೇರೆ ವಯಸ್ಸಿನ ಮಕ್ಕಳು ಸರದಿಯ ಮೇಲೆ ಅದರಲ್ಲಿ ಕುಳಿತುಕೊಳ್ಳುತ್ತಾರೆ. ಸಿಬ್ಬಂದಿಯವರೂ ಒಬ್ಬರಿರುತ್ತಾರೆ. ಯಾರು ಯಾರ ಮೇಲಾದರೂ ದೂರು ಬರೆದು ಕೊಡಬಹುದು. ಮಗುವು ಸಿಬ್ಬಂದಿಯ ಮೇಲೂ ಕೊಡಬಹುದು. ದೂರನ್ನು ಓದಿ, ಸಾಕ್ಷಿಗಳನ್ನು ಕೇಳಿ, ನಿಯಮ ಮುರಿದದ್ದು ನಿಜವಾದರೆ ಶಿಕ್ಷೆ ವಿಧಿಸುತ್ತಾರೆ. ಗಲಾಟೆ ಮಾಡಿದವನಿಗೆ ಆ ಕೋಣೆಗೆ ಒಂದೆರಡು ದಿನ ಪ್ರವೇಶವಿಲ್ಲ ಎಂಬಂತಹ ಶಿಕ್ಷೆಗಳು. ಗಂಭೀರ ಅಪರಾಧಗಳು ಶಾಲಾ ಸಭೆಗೆ ಹೋಗುತ್ತವೆ. ಅಲ್ಲಿ ಅಮಾನತು, ಹೊರಹಾಕುವಿಕೆಗಳೂ ಉಂಟು. ಅಪಾಯವಿರುವ ಉಪಕರಣಗಳನ್ನು ಮುಟ್ಟುವ ಮುನ್ನ ಅದನ್ನು ಬಲ್ಲವರ ಬಳಿ ಕಲಿತು ಅನುಮತಿ ಪಡೆದಿರಬೇಕು.

ಮಠದ ಪಾಠಶಾಲೆಯಲ್ಲಿ ಗಂಟೆಯ ನಾದಕ್ಕೆ ಎದ್ದು, ಗಂಟೆಯ ನಾದಕ್ಕೆ ಉಂಡು, ಗಂಟೆಯ ನಾದಕ್ಕೆ ಓದಲು ಕುಳಿತು ಬೆಳೆದವರು ನಾವು. ಬಾಯಿಪಾಠದಿಂದ ಬಂದ ಸಂಪತ್ತು ಇಂದಿಗೂ ನಮ್ಮೊಂದಿಗಿದೆ. ಅದನ್ನು ಹಗುರಾಗಿ ಕಾಣುವವರು ನಾವಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು. ಗಂಟೆ ನಿಂತ ಮೇಲೂ ಏಳುವವನೇ ನಿಜವಾಗಿ ಶಿಸ್ತನ್ನು ಕಲಿತವನು. ಹೊರಗಿನ ಶಿಸ್ತು ಒಳಗಿನದಾಗಬೇಕೆಂಬುದು ಎಲ್ಲ ಶಿಕ್ಷಣದ ಗುರಿ. ನಮ್ಮ ಪದ್ಧತಿ ಅದಕ್ಕೆ ಹೊರಗಿನಿಂದ ದಾರಿ ಮಾಡುತ್ತದೆ; ಈ ಶಾಲೆಗಳು ಒಳಗಿನಿಂದ.

ಸೇರುವುದು ಮಗುವೊಂದೇ ಅಲ್ಲ

ಈ ಶಾಲೆಗೆ ಸೇರುವ ಕ್ರಮವು ಅರ್ಜಿ ತುಂಬಿ ಶುಲ್ಕ ಕಟ್ಟಿದರೆ ಮುಗಿಯುವಂಥದ್ದಲ್ಲ. ಮೊದಲು ತಾಯ್ತಂದೆಗಳೂ ಮಗುವೂ ಶಾಲೆಗೆ ಹೋಗಿ ಮಾತುಕತೆ ನಡೆಸಬೇಕು. ಆಮೇಲೆ ಮಗುವು ಒಂದು ವಾರ ಅತಿಥಿಯಾಗಿ ಅಲ್ಲಿಯೇ ದಿನ ಕಳೆಯಬೇಕು. ಶಾಲೆಯನ್ನು ಮಗು ನೋಡುತ್ತದೆ, ಮಗುವನ್ನು ಶಾಲೆ ನೋಡುತ್ತದೆ. ಆ ವಾರದ ಕೊನೆಗೆ “ನನಗೆ ಬೇಕು” ಎಂದು ಮಗುವೇ ಹೇಳಬೇಕು. ತಾಯಿಯ ಬಯಕೆ ಮಾತ್ರ ಸಾಲದು. ಖಾಸಗಿ ಶಾಲೆಯಾದುದರಿಂದ ಶುಲ್ಕದ ಹೊರೆ ಕುಟುಂಬದ್ದೇ. ವರ್ಷದ ಆಯವ್ಯಯವನ್ನೂ ಶುಲ್ಕವನ್ನೂ ನಿರ್ಧರಿಸುವ ಮಹಾಸಭೆಯಲ್ಲಿ ಪಾಲಕರಿಗೆ ಮತವಿದೆ. ಆದರೆ ದಿನನಿತ್ಯದ ಶಾಲಾ ಸಭೆಯಲ್ಲಿ ಅವರಿಗೆ ಮತವಿಲ್ಲ. ಈ ಗೆರೆಯನ್ನು ಹೊಸದಾಗಿ ಸೇರುವ ಪಾಲಕರು ಮೊದಲೇ ಅರಿತಿರಬೇಕು. ನಿಮ್ಮ ಮಗನಿಗೆ ನ್ಯಾಯ ಸಮಿತಿ ಕೊಟ್ಟ ಶಿಕ್ಷೆ ಹೆಚ್ಚಾಯಿತೆಂದು ನೀವು ಫೋನ್ ಮಾಡಿ ತಿದ್ದಿಸುವಂತಿಲ್ಲ. ಶಾಲಾ ಸಭೆಯಲ್ಲಿ ಎದ್ದು ನಿಂತು ಕೇಳುವ ಕೆಲಸ ಅವನದೇ.

ಮೊದಲ ಕೆಲವು ತಿಂಗಳುಗಳು ಪರೀಕ್ಷೆಯ ಕಾಲ. ಮಗುವಿಗಿಂತ ಹೆಚ್ಚಾಗಿ ಮನೆಯವರಿಗೆ. ವರ್ಷಗಟ್ಟಲೆ ವೇಳಾಪಟ್ಟಿಯಲ್ಲಿ ಬೆಳೆದ ಮಗು ಮೊದಮೊದಲು ರಜೆ ಸಿಕ್ಕಂತೆ ಹಿಗ್ಗುತ್ತದೆ. ಇಡೀ ದಿನ ಆಟ, ಹರಟೆ, ಕಂಪ್ಯೂಟರ್. ಸ್ವಲ್ಪ ಕಾಲದ ಮೇಲೆ ಬೇಸರ ಬರುತ್ತದೆ. “ಮಾಡಲು ಏನೂ ಇಲ್ಲ” ಎಂದು ಮನೆಗೆ ಬಂದು ಅಳಬಹುದು. ಈ ಬೇಸರವನ್ನು ಕಂಡು ತಾಯ್ತಂದೆಗಳ ಕೈ ತಡೆಯುವುದಿಲ್ಲ, ಟ್ಯೂಷನ್ ಹಚ್ಚೋಣವೆನಿಸುತ್ತದೆ. ಆದರೆ ಇಂತಹ ಶಾಲೆಗಳನ್ನು ನಡೆಸುವವರು ಹೇಳುವಂತೆ, ನನಗೆ ಬೇಕಾದುದೇನು ಎಂಬ ಪ್ರಶ್ನೆ ಆ ಬೇಸರದಿಂದಲೇ ಹುಟ್ಟುತ್ತದೆ. ಬಿತ್ತಿದ ಮರುದಿನ ಮಣ್ಣು ಕೆದರಿ ನೋಡುವ ರೈತನ ಹೊಲದಲ್ಲಿ ಬೆಳೆ ಏಳುವುದಿಲ್ಲ.

ಕಷ್ಟ ಬರುವುದು ಹೆಚ್ಚಾಗಿ ಮನೆಯಲ್ಲಿಯೇ. ಸಂಜೆ ಊಟದ ಹೊತ್ತಿಗೆ ತಂದೆ, “ಇವತ್ತು ಏನು ಕಲಿತೆ?” ಎಂದು ಕೇಳುತ್ತಾನೆ. ಊರಿನಿಂದ ಅಜ್ಜಿ ಫೋನಿನಲ್ಲಿ, “ಎಷ್ಟನೆಯ ಇಯತ್ತೆ, ಎಷ್ಟು ಮಾರ್ಕು?” ಎನ್ನುತ್ತಾಳೆ. ಮದುವೆಮನೆಯಲ್ಲಿ ಬೀಗರು ತಮ್ಮ ಮೊಮ್ಮಗನ ಶೇಕಡಾವಾರು ಹೇಳಿ ಸುಮ್ಮನಾಗುತ್ತಾರೆ. ಮಗು ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಹಗಲು ಶಾಲೆಯು, “ನಿನ್ನ ಮೇಲೆ ನಮಗೆ ನಂಬಿಕೆಯಿದೆ” ಎಂದು ಹೇಳಿ, ರಾತ್ರಿ ಮನೆಯು, “ನಮಗಂತೂ ಇಲ್ಲ” ಎಂದು ಕಣ್ಣಿನಲ್ಲಿಯೇ ಹೇಳಿದರೆ ಆ ಮಗು ಎರಡು ದೋಣಿಗಳಲ್ಲಿ ಒಂದೊಂದು ಕಾಲಿಟ್ಟಂತಾಗುತ್ತದೆ. ಸಾಮಾನ್ಯ ಶಾಲೆಯ ಕಟ್ಟುಪಾಡಿಗಿಂತ ಈ ಅರೆಮನಸ್ಸಿನ ಸ್ವಾತಂತ್ರ್ಯವೇ ಮಗುವಿಗೆ ಹೆಚ್ಚು ಕೇಡು. ದಂಪತಿಗಳಿಗೆ ನಾವು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಕಲಿಕೆ ನಡೆಯುತ್ತದೆಯೇ?

ಗ್ರೀನ್‌ಬರ್ಗ್ ಅವರು 1987ರ ತಮ್ಮ ‘ಫ್ರೀ ಅಟ್ ಲಾಸ್ಟ್’ ಎಂಬ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾರೆ. ಒಂಬತ್ತರಿಂದ ಹನ್ನೆರಡು ವರ್ಷದ ಹನ್ನೆರಡು ಮಕ್ಕಳು ಬಂದು ತಮಗೆ ಅಂಕಗಣಿತ ಕಲಿಸಬೇಕೆಂದು ಕೇಳಿದರು. ಅವರು ಒಡನೆ ಒಪ್ಪಲಿಲ್ಲ. ನಿಮಗೆ ನಿಜವಾಗಿಯೂ ಬೇಕೇ ಎಂದು ಕೆದಕಿ ಕೇಳಿದರು. ಮಕ್ಕಳು ಹಟ ಹಿಡಿದರು. ಆಗ ಒಪ್ಪಂದವಾಯಿತು: ವಾರಕ್ಕೆರಡು ದಿನ, ಅರ್ಧ ಅರ್ಧ ಗಂಟೆ. ಐದು ನಿಮಿಷ ತಡವಾಗಿ ಬಂದರೆ ಅಂದಿನ ಪಾಠವಿಲ್ಲ. ಎರಡು ಸಲ ಹಾಗಾದರೆ ಕಲಿಸುವುದೇ ನಿಂತಿತು. 1898ರಲ್ಲಿ ಅಚ್ಚಾದ ಹಳೆಯ ಲೆಕ್ಕದ ಪುಸ್ತಕವೊಂದೇ ಆಧಾರ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಭಿನ್ನರಾಶಿ, ದಶಮಾಂಶ, ಶೇಕಡಾವಾರು ಎಲ್ಲವನ್ನೂ ಇಪ್ಪತ್ತು ವಾರಗಳಲ್ಲಿ, ಅಂದರೆ ಇಪ್ಪತ್ತು ಗಂಟೆಗಳ ಪಾಠದಲ್ಲಿ ಆ ಮಕ್ಕಳು ಮುಗಿಸಿದರೆಂದು ಅವರು ಬರೆಯುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಇದಕ್ಕೆ ಆರು ವರ್ಷ ಹಿಡಿಯುತ್ತದೆ.

ಇದನ್ನು ಓದಿ, ಯಾವ ಮಗುವಿಗಾದರೂ ಇಪ್ಪತ್ತು ಗಂಟೆ ಸಾಕೆಂದು ಯಾರೂ ಭಾವಿಸಬಾರದು. ಕೇಳಿಕೊಂಡು ಬಂದ ಮಕ್ಕಳವರು. ತಾವೇ ಒಪ್ಪಿದ ಕರಾರಿಗೆ ಬದ್ಧರಾಗಿದ್ದರು. ಹಸಿದವನಿಗೆ ಬಡಿಸುವುದಕ್ಕೂ ಒಲ್ಲದ ಬಾಯಿಗೆ ತುರುಕುವುದಕ್ಕೂ ಇರುವ ಅಂತರವನ್ನು ಈ ಪ್ರಸಂಗ ತೋರಿಸುತ್ತದೆ.

ಓದುಬರಹದ ವಿಷಯದಲ್ಲಿಯೂ ತಾಯ್ತಂದೆಗಳಿಗೆ ತಾಳ್ಮೆ ಬೇಕು. ಅಲ್ಲಿ ಒಂದು ಮಗು ಐದಕ್ಕೆ ಓದಿದರೆ ಇನ್ನೊಂದು ಒಂಬತ್ತು ಹತ್ತರವರೆಗೂ ಓದದೆ ಇರಬಹುದು. ಹದಿಹರೆಯಕ್ಕೆ ಬರುವಷ್ಟರಲ್ಲಿ ಆ ಅಂತರ ಕಾಣದಂತಾಗುತ್ತದೆಂದು ಶಾಲೆಯವರು ಹೇಳುತ್ತಾರೆ. ಅಲ್ಲಿಯವರೆಗಿನ ವರ್ಷಗಳನ್ನು ಮನೆಯವರು ಅಂಜದೆ ದಾಟಬಲ್ಲರೇ ಎಂಬುದನ್ನು ಮೊದಲೇ ತಮ್ಮನ್ನು ತಾವು ಕೇಳಿಕೊಳ್ಳಬೇಕು.

ಮುಂದೇನು ಎಂಬ ಪ್ರಶ್ನೆ

ಈಗ ಏಣಿಯ ಮಾತಿಗೆ ಬರೋಣ. ಬಾಸ್ಟನ್ ಕಾಲೇಜಿನ ಮನಶ್ಶಾಸ್ತ್ರಜ್ಞರಾದ ಪೀಟರ್ ಗ್ರೇ ಅವರು ಡೇವಿಡ್ ಚಾನಾಫ್ ಅವರೊಡನೆ ಸೇರಿ ಈ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ ವಿಚಾರಿಸಿದರು. ಅಧ್ಯಯನವು 1986ರಲ್ಲಿ ಪ್ರಕಟವಾಯಿತು. ಉತ್ತರಿಸಿದವರು 69 ಮಂದಿ. ಉನ್ನತ ಶಿಕ್ಷಣವನ್ನು ಬಯಸಿದವರು ಅದನ್ನು ಪಡೆದಿದ್ದರು. ಇತರರು ತಮಗೆ ಒಗ್ಗಿದ ಕುಶಲ ವೃತ್ತಿ, ಕಲೆ, ವ್ಯಾಪಾರಗಳಲ್ಲಿ ನೆಲೆಗೊಂಡಿದ್ದರು. ಹೆಚ್ಚಿನವರು ಶಾಲೆಯಿಂದ ತಮಗೆ ಒಳಿತಾಯಿತೆಂದೇ ಹೇಳಿದರು. ಆದರೆ ಇದು ಒಂದೇ ಶಾಲೆಯ ಕೆಲವೇ ಜನರ ಮಾತು. ಗ್ರೇ ಅವರ ಮಗನೂ ಅದೇ ಶಾಲೆಯಲ್ಲಿ ಓದಿದವನು. ಇಂತಹ ಶಾಲೆಯನ್ನು ಆರಿಸುವ ಮನೆಗಳು ಸಾಮಾನ್ಯವಾಗಿ ಪುಸ್ತಕಗಳಿರುವ, ಮಾತುಕತೆಯಿರುವ ಮನೆಗಳು. ಇದನ್ನೆಲ್ಲ ತೂಗಿ ನೋಡಬೇಕು. ಮಗು ಹಾಳಾಗಿಯೇ ತೀರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲವೆಂದು ಮಾತ್ರ ಇದರಿಂದ ಧೈರ್ಯವಾಗಿ ಹೇಳಬಹುದು.

ನಮ್ಮವರಿಗೆ ಇನ್ನೊಂದು ತೊಡಕಿದೆ. ಪರವಾನಗಿಯ ಮೇಲೆ ದುಡಿಯುವ ಕುಟುಂಬವು ಯಾವಾಗ ಬೇಕಾದರೂ ತಾಯ್ನಾಡಿಗೆ ಮರಳಬೇಕಾಗಬಹುದು. ಆಗ ಕೈಯಲ್ಲಿ ಅಂಕಪಟ್ಟಿ ಇರುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಲು ನಮ್ಮ ಶಿಕ್ಷಣ ಹಕ್ಕು ಕಾಯಿದೆ ಅವಕಾಶ ಕೊಟ್ಟಿದೆ. ಅದಕ್ಕೂ ದೊಡ್ಡವರಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ, ಹನ್ನೆರಡನೆಯ ತರಗತಿಗಳ ಪರೀಕ್ಷೆಗೆ ಕಟ್ಟಬಹುದು. ಬಾಗಿಲು ಮುಚ್ಚಿಲ್ಲ, ಆದರೆ ಒಮ್ಮೆಲೇ ಬಂದು ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳುವುದು ಸುಲಭವಲ್ಲ. ಎರಡು ವರ್ಷಗಳಲ್ಲಿ ಮರಳುವುದು ಖಚಿತವೆಂದು ಗೊತ್ತಿರುವ ಕುಟುಂಬವು ಈ ಪ್ರಯೋಗಕ್ಕೆ ಇಳಿಯದಿರುವುದೇ ಲೇಸು.

ನಮ್ಮ ನಾಡಿನಲ್ಲಿ ಇದರ ನೆರಳು

ಮಗುವಿನ ನಡಿಗೆಗೆ ತಕ್ಕಂತೆ ಕಲಿಕೆ ಎಂಬ ವಿಚಾರವು ನಮಗೆ ತೀರ ಹೊಸದಲ್ಲ. ಡೇವಿಡ್ ಹಾರ್ಸ್‌ಬರೊ ಅವರು 1972ರಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಾಡಿನಲ್ಲಿ ತೆರೆದ ನೀಲ್‌ಬಾಗ್ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಕೂಡಿ ಕಲಿಯುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ಯು ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ಶಾಲೆಗೆ ಶೌಚಾಲಯವಿಲ್ಲ, ದಾರಿಗೆ ದೀಪವಿಲ್ಲ ಎಂದು ಮಕ್ಕಳು ಎದ್ದು ಕೇಳುತ್ತಾರೆ. ಆದರೆ ಶಾಲೆಯ ಆಡಳಿತದಲ್ಲಿ ಮಗುವಿಗೆ ದೊಡ್ಡವರಷ್ಟೇ ತೂಕದ ಮತ ಕೊಡುವ ಹೆಜ್ಜೆಯನ್ನು ಇವು ಯಾವುವೂ ಇಟ್ಟಿಲ್ಲ. ಅಲ್ಲಿಗೆ ಹೋಗದ ಕುಟುಂಬಗಳೂ ಮನೆಯಲ್ಲಿ ಒಂದನ್ನು ಮಾಡಬಹುದು. ವಾರಕ್ಕೊಮ್ಮೆ ಎಲ್ಲರೂ ಕುಳಿತು, ಮನೆಯ ಕೆಲಸದ ಹಂಚಿಕೆ, ಟಿವಿ ಮೊಬೈಲುಗಳ ಹೊತ್ತು, ರಜೆಯ ಪ್ರಯಾಣಗಳನ್ನು ಮಗುವಿನ ಮಾತನ್ನೂ ಕೇಳಿ ನಿರ್ಧರಿಸಬಹುದು. ಆದ ನಿರ್ಧಾರಕ್ಕೆ ತಂದೆಯೂ ಬದ್ಧನಾಗಿರಬೇಕು. ಅದೇ ಅದರ ಜೀವ.

ಸೇರಿಸಬಯಸುವವರಿಗೆ ನಾಲ್ಕು ಮಾತು

ಮೊದಲನೆಯದು, ಗಂಡ ಹೆಂಡತಿ ಇಬ್ಬರೂ ಒಮ್ಮತಕ್ಕೆ ಬರುವವರೆಗೆ ಅರ್ಜಿ ಹಾಕಬೇಡಿರಿ. ಒಬ್ಬರ ಅಂಜಿಕೆಯನ್ನು ಇನ್ನೊಬ್ಬರು ಮೌಢ್ಯವೆಂದು ತಳ್ಳಿಹಾಕಬಾರದು. ಕಷ್ಟಪಟ್ಟು ಏಣಿ ಹತ್ತಿದವನ ಅಂಜಿಕೆಗೆ ಅದರದೇ ಆದ ಅರ್ಥವಿದೆ. ಎರಡನೆಯದು, ಅತಿಥಿಯಾಗಿ ಕಳೆದ ವಾರದ ನಂತರ ಮಗುವಿನ ಮಾತನ್ನು ಕೇಳಿರಿ. ಅದು ಬೇಡವೆಂದರೆ ಅಲ್ಲಿಗೇ ಬಿಡಿರಿ. ಮೂರನೆಯದು, ಸೇರಿಸಿದರೆ ಒಂದು ವರ್ಷವಾದರೂ ಕಲಿಕೆಯ ಲೆಕ್ಕ ಕೇಳದಿರಿ. ಏನು ಕಲಿತೆ ಎನ್ನುವುದಕ್ಕಿಂತ ಯಾರೊಡನೆ ಆಡಿದೆ, ಸಭೆಯಲ್ಲಿ ಏನಾಯಿತು ಎಂದು ಕೇಳಿರಿ. ಆದರೆ ಮಗು ಒಂಟಿಯಾಗಿದೆಯೇ, ನೊಂದಿದೆಯೇ ಎಂಬುದರ ಮೇಲೆ ಕಣ್ಣಿರಲಿ. ಲೆಕ್ಕ ಕೇಳದಿರುವುದೆಂದರೆ ಕಾಳಜಿ ಬಿಡುವುದಲ್ಲ. ನಾಲ್ಕನೆಯದು, ಕನ್ನಡ ನುಡಿ, ಮನೆಯ ಆಚಾರ, ಅಜ್ಜ ಅಜ್ಜಿಯರ ನಂಟು ಇವನ್ನು ಆ ಶಾಲೆ ಕಲಿಸುವುದಿಲ್ಲ. ಕಲಿಸಬೇಕೆಂದು ಬಯಸುವುದೂ ತರವಲ್ಲ. ಅದು ಮನೆಯ ಕರ್ತವ್ಯ. ಅಜ್ಜಿ ಫೋನಿನಲ್ಲಿ ಮಾರ್ಕು ಕೇಳುವ ಬದಲು ಒಂದು ಕಥೆ ಹೇಳಲಿ.

ಒಪ್ಪಿಗೆಯಾಗದಿದ್ದರೆ ಸಾಮಾನ್ಯ ಶಾಲೆಯಲ್ಲಿಯೇ ಮಗುವನ್ನು ಮುಂದುವರಿಸುವುದರಲ್ಲಿ ಯಾವ ಕೊರತೆಯೂ ಇಲ್ಲ. ಅಲ್ಲಿಯೂ ಒಳ್ಳೆಯ ಗುರುಗಳಿದ್ದಾರೆ. ಅಲ್ಲಿಂದಲೂ ಸ್ವತಂತ್ರ ಬುದ್ಧಿಯ ಮಕ್ಕಳು ಬಂದಿದ್ದಾರೆ. ಮಗನು ಮುಖ ಸಪ್ಪೆ ಮಾಡುವ ಕಾರಣವನ್ನು ಅವನ ಈಗಿನ ಶಿಕ್ಷಕರೊಡನೆ ಕುಳಿತು ವಿಚಾರಿಸುವುದೂ ಒಂದು ದಾರಿಯೇ. ಆದರೆ ಸೇರಿಸುವುದಾದರೆ ಪೂರ್ಣ ಮನಸ್ಸಿನಿಂದ ಸೇರಿಸಿರಿ. ಸ್ವಾತಂತ್ರ್ಯವನ್ನು ಕೊಟ್ಟ ಕೈಯೇ ಅದನ್ನು ಹಿಂದಕ್ಕೆ ಕಸಿಯದಿರಲಿ. ದಂಪತಿಗಳು ಶಾಂತವಾಗಿ ಕುಳಿತು, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಿರ್ಧರಿಸಲಿ. ಆ ಮನೆಗೂ, ಇದೇ ಪ್ರಶ್ನೆಯನ್ನು ಹೊತ್ತ ಎಲ್ಲ ಮನೆಗಳಿಗೂ ಶುಭವಾಗಲೆಂದು ಹಾರೈಸುತ್ತೇವೆ.